ವಕೀಲರೊಬ್ಬರು ನ್ಯೂಯಾರ್ಕ್ ಮೇಯರ್ ಆದಾಗ: ಫಿಯೊರೆಲ್ಲೊ ಲಾ ಗಾರ್ಡಿಯಾ

(ಪರದೆ: ಬ್ರಾಂಕ್ಸ್ ಸಗಟು ಮಾರುಕಟ್ಟೆಯ ಹಳೆಯ ಫೋಟೋ. ಬರಹ: 21 ಡಿಸೆಂಬರ್ 1935)

ನಸುಕಿನಲ್ಲಿ ಮಾರುಕಟ್ಟೆಗೆ ಮೇಯರ್ ಬಂದಿದ್ದಾರೆ. ಪೊಲೀಸರು ಕಹಳೆ ಊದುತ್ತಾರೆ. ಐದಡಿ ಎರಡಂಗುಲದ ಆ ಮನುಷ್ಯ ಲಾರಿಯ ಹಿಂಬದಿ ಹತ್ತಿ ಆದೇಶ ಓದುತ್ತಾರೆ: ಇವತ್ತಿನಿಂದ ಈ ನಗರದಲ್ಲಿ ಎಳೆಯ ಆರ್ಟಿಚೋಕ್ ಮಾರುವಂತಿಲ್ಲ.

ಆರ್ಟಿಚೋಕ್ ಅಂದರೆ ಮೊಗ್ಗಿನ ಆಕಾರದ ತರಕಾರಿ. ಇಟಲಿಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ಅದು ಬೇಕೇ ಬೇಕು. ಕ್ಯಾಲಿಫೋರ್ನಿಯಾದಿಂದ ಬರುತ್ತಿದ್ದ ಮಾಲೆಲ್ಲ ಸಿರೋ ಟೆರ್ರನೋವಾ ಎಂಬ ಮಾಫಿಯಾ ನಾಯಕನ ಕೈ ದಾಟಿಯೇ ಅಂಗಡಿ ಸೇರಬೇಕಿತ್ತು. ಬೇರೆಯವರಿಂದ ಕೊಂಡರೆ ಬೆದರಿಕೆ. ನಡುವಿನ ಕೈಗಳು ಮೆಣಸಿನ ರೇಟನ್ನು ಹೇಗೆ ಆಡಿಸುತ್ತವೆ ಅಂತ ಕಂಡಿರುವ ಕೊಡಗಿನ ಬೆಳೆಗಾರರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನಿಷೇಧ ಜಾರಿಯಲ್ಲಿದ್ದದ್ದು ಮೂರೇ ದಿನ. ಅಷ್ಟರಲ್ಲಿ ವ್ಯಾಪಾರಿಗಳ ಮೇಲಿದ್ದ ಹಿಡಿತ ಸಡಿಲವಾಯಿತು, ಬೆಲೆ ಇಳಿಯಿತು.

ಕಹಳೆಯ ವಿಷಯವನ್ನು ಎಲ್ಲರೂ ಹೇಳುತ್ತಾರೆ. ನಾವು ಕೇಳಬೇಕಾದದ್ದು ಬೇರೆ: ತರಕಾರಿಯೊಂದನ್ನು ನಿಷೇಧಿಸುವ ಅಧಿಕಾರ ಮೇಯರ್‌ಗೆ ಎಲ್ಲಿಂದ ಬಂತು? ತುರ್ತು ಸಂದರ್ಭದಲ್ಲಿ ಆಹಾರ ಪದಾರ್ಥದ ಮಾರಾಟ ತಡೆಯಲು ಅವಕಾಶವಿದ್ದ, ಯಾರೂ ಬಳಸದೆ ಬಿಟ್ಟಿದ್ದ ಕಾನೂನೊಂದನ್ನು ಅವರು ಹುಡುಕಿ ತೆಗೆದಿದ್ದರು. ಲಾ ಗಾರ್ಡಿಯಾ ಅವರ ಆಡಳಿತ ಅರ್ಥವಾಗಬೇಕಾದರೆ ಈ ಹುಡುಕಾಟವನ್ನೇ ಗಮನಿಸಬೇಕು.

(ಪರದೆ: ನಕ್ಷೆ. ನ್ಯೂಯಾರ್ಕ್, ಅರಿಝೋನಾ, ಫ್ಯೂಮೆ)

ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ನ್ಯೂಯಾರ್ಕ್‌ನಲ್ಲೇ. ಅಪ್ಪ ಇಟಲಿಯವರು, ಅಮೆರಿಕದ ಸೇನೆಯಲ್ಲಿ ಬ್ಯಾಂಡ್ ಮಾಸ್ಟರ್. ಅಮ್ಮ ಟ್ರಿಯೆಸ್ಟ್‌ನ ಯಹೂದಿ ಮನೆತನದವರು. ಬೆಳೆದದ್ದು ಅರಿಝೋನಾದ ಸೇನಾ ನೆಲೆಗಳಲ್ಲಿ. ಸೇನೆಯ ಕುಟುಂಬಗಳು ಮನೆಮನೆಯಲ್ಲೂ ಇರುವ ಕೊಡಗಿನಲ್ಲಿ ಇಂಥ ಬಾಲ್ಯ ಹೊಸದೇನಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ಅವರು ಫ್ಯೂಮೆ ಬಂದರಿನಲ್ಲಿ, ಅಂದರೆ ಇವತ್ತಿನ ಕ್ರೊಯೇಷಿಯಾದ ರಿಯೆಕಾದಲ್ಲಿ, ಅಮೆರಿಕದ ಕಾನ್ಸುಲರ್ ಅಧಿಕಾರಿ, ಅಂದರೆ ಪರದೇಶದ ಊರಿನಲ್ಲಿ ತನ್ನ ಸರ್ಕಾರದ ಕೆಲಸ ನೋಡಿಕೊಳ್ಳುವವರು. ಆಗ ವಲಸಿಗರ ಆರೋಗ್ಯ ತಪಾಸಣೆ ನಡೆಯುತ್ತಿದ್ದದ್ದು ನ್ಯೂಯಾರ್ಕ್ ತಲುಪಿದ ಮೇಲೆ. ಮನೆ ಮಠ ಮಾರಿ ಹೊರಟವರು ಅಲ್ಲಿ ಫೇಲಾದರೆ ಅದೇ ಹಡಗಿನಲ್ಲಿ ವಾಪಸ್. ಲಾ ಗಾರ್ಡಿಯಾ, ಹಡಗು ಹತ್ತುವ ಮೊದಲೇ ತಪಾಸಣೆ ಆಗಲಿ ಅಂದರು. ಹಡಗು ಕಂಪನಿ ಒಪ್ಪಲಿಲ್ಲ. ಆದರೆ ಕಾನ್ಸುಲರ್ ಸಹಿ ಇರುವ ಆರೋಗ್ಯ ಪತ್ರವಿಲ್ಲದೆ ಹಡಗು ಬಂದರು ಬಿಡುವಂತಿರಲಿಲ್ಲ. ಇವರು ಸಹಿ ಹಾಕಲಿಲ್ಲ. ಕಂಪನಿ ದಾರಿಗೆ ಬಂತು. ವಕೀಲರಾಗುವ ಮೊದಲೇ ಅವರ ಬುದ್ಧಿ ಕಾನೂನಿನ ಜಾಡು ಹಿಡಿದಿತ್ತು.

ನ್ಯೂಯಾರ್ಕ್‌ಗೆ ಮರಳಿದ ಮೇಲೆ ಹಗಲು ಎಲ್ಲಿಸ್ ದ್ವೀಪದ ವಲಸೆ ಕೇಂದ್ರದಲ್ಲಿ ದುಭಾಷಿ, ವರ್ಷಕ್ಕೆ 1,200 ಡಾಲರ್ ಸಂಬಳ. ರಾತ್ರಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ತರಗತಿ. 1910ರಲ್ಲಿ ವಕೀಲರಾದರು. ಕಕ್ಷಿದಾರರು ಹೆಚ್ಚಾಗಿ ವಲಸಿಗರು. ಎಷ್ಟೋ ಮಂದಿಯಿಂದ ಫೀಸು ಪಡೆಯಲಿಲ್ಲ. 1912-13ರ ಗಾರ್ಮೆಂಟ್ಸ್ ಮುಷ್ಕರದಲ್ಲಿ ಕಾರ್ಮಿಕರ ಪರ ನಿಂತರು. ಅಲ್ಲಿಂದ ಸಂಸತ್ತು. 1932ರ ನಾರಿಸ್-ಲಾ ಗಾರ್ಡಿಯಾ ಕಾಯ್ದೆಯಲ್ಲಿ ಇರುವುದು ಇವರದೇ ಹೆಸರು: ಮುಷ್ಕರಗಳ ಮೇಲೆ ಕೋರ್ಟುಗಳು ಸುಲಭವಾಗಿ ತಡೆಯಾಜ್ಞೆ ಕೊಡುವುದನ್ನು ಅದು ನಿಲ್ಲಿಸಿತು.

(ಪರದೆ: ಮೂರು ಅಭ್ಯರ್ಥಿಗಳ ಮತಗಳು)

1929ರಲ್ಲಿ ಮೇಯರ್ ಚುನಾವಣೆಯಲ್ಲಿ ಸೋತಿದ್ದರು. 1933ರಲ್ಲಿ ಗೆದ್ದರು. ಅಂಕಿ ನೋಡಿ: ಲಾ ಗಾರ್ಡಿಯಾ 8,68,522, ಮೆಕೀ 6,09,053, ಓಬ್ರಿಯನ್ 5,86,672. ಎದುರಾಳಿಗಳ ಮತ ಒಡೆಯದಿದ್ದರೆ ಗೆಲುವು ಕಷ್ಟವಿತ್ತು.

ಅಧಿಕಾರ ಸಿಕ್ಕಿತು, ಖಜಾನೆ ಖಾಲಿ. ಬಜೆಟ್‌ನಲ್ಲಿ ಸುಮಾರು 3 ಕೋಟಿ ಡಾಲರ್ ಕೊರತೆ. ಲೆಕ್ಕ ಸರಿಹೋಗುವವರೆಗೆ ಕಾಮಗಾರಿಗೆ ಕೇಂದ್ರದ ಹಣ ಬರುವುದಿಲ್ಲ. ಹುದ್ದೆ ಕಡಿತ ಮಾಡೋಣವೆಂದರೆ ಎಷ್ಟೋ ಹುದ್ದೆಗಳಿಗೆ ರಾಜ್ಯದ ಕಾನೂನಿನ ರಕ್ಷಣೆ. ಹಾಗಾಗಿ ಮೊದಲ ಕೆಲಸವೇ ರಾಜ್ಯ ಶಾಸನಸಭೆಯಿಂದ ಮಿತವ್ಯಯ ಮಸೂದೆ ಪಾಸು ಮಾಡಿಸುವುದು. ಇದು ಸರ್ವಾಧಿಕಾರ ಅಂತ ಗವರ್ನರ್ ಲೀಮನ್ ವಿರೋಧಿಸಿದರು. ಮಸೂದೆ ಮತ್ತೆ ಮತ್ತೆ ಬಿದ್ದು, ಹಲ್ಲು ಕಳೆದುಕೊಂಡು, 1934ರ ಏಪ್ರಿಲ್‌ನಲ್ಲಿ ಪಾಸಾಯಿತು. ಅದರ ಬೆಲೆ ತೆತ್ತವರು ನೌಕರರು: ಸಂಬಳ ಕಡಿತ, ಸಂಬಳವಿಲ್ಲದ ರಜೆ. ಅದಾದ ಮೇಲೆಯೇ ಕೇಂದ್ರದ ದುಡ್ಡು ಹರಿದದ್ದು.

ಇನ್ನು ಜೂಜಿನ ಯಂತ್ರಗಳ ವಿಷಯ. ಕಾಸು ಹಾಕಿದರೆ ಯಂತ್ರ ಒಂದು ಪೆಪ್ಪರ್‌ಮಿಂಟನ್ನೂ ಕೊಡುತ್ತಿತ್ತು. ಇದು ಮಿಠಾಯಿ ಮಾರುವ ಯಂತ್ರ ಅಂತ ಮಾಲೀಕರ ವಾದ, ಅದಕ್ಕೆ ಕೋರ್ಟಿನ ತಡೆಯಾಜ್ಞೆ ಬೇರೆ. ಮೇಯರ್ ಮ್ಯಾಜಿಸ್ಟ್ರೇಟ್ ಆಗಿ ಕೂರಬಹುದು ಎನ್ನುವ ಹಳೆಯ ನಿಯಮ ಹಿಡಿದು, 1934ರಲ್ಲಿ ಅವರೇ ಪೊಲೀಸ್ ಠಾಣೆಯಲ್ಲಿ ವಿಚಾರಣೆಗೆ ಕೂತರು. ಕೊನೆಗೆ ಯಂತ್ರ ಇಟ್ಟುಕೊಳ್ಳುವುದೇ ಅಪರಾಧ ಎಂದು ರಾಜ್ಯದ ಕಾನೂನು ಬಂತು. ಅವರು ಸುತ್ತಿಗೆಯಿಂದ ಯಂತ್ರ ಒಡೆಯುವ ಫೋಟೋ ನೀವು ನೋಡಿರಬಹುದು. ಆ ಸುತ್ತಿಗೆಗೆ ಬಲ ಕೊಟ್ಟದ್ದು ಕಾಗದ ಪತ್ರ.

ಅದೇ ವರ್ಷ ವಿಮಾನವೊಂದು ಅವರನ್ನು ಪಕ್ಕದ ರಾಜ್ಯದ ನ್ಯೂವಾರ್ಕ್‌ನಲ್ಲಿ ಇಳಿಸಿತು. ಟಿಕೆಟ್‌ನಲ್ಲಿ ನ್ಯೂಯಾರ್ಕ್ ಅಂತಿದೆ, ಇಳಿಯುವುದಿಲ್ಲ ಎಂದರು. ಟಿಕೆಟ್ ಅಂದರೆ ಕರಾರು. ಅವರನ್ನು ನ್ಯೂಯಾರ್ಕ್ ನಗರದೊಳಗಿನ ಬ್ರೂಕ್ಲಿನ್‌ಗೆ ಹಾರಿಸಿಕೊಂಡು ಹೋಗಬೇಕಾಯಿತು. ನಗರದೊಳಗೆ ದೊಡ್ಡ ನಿಲ್ದಾಣ ಬೇಕೆಂಬ ಅವರ ಹಟ 1939ರಲ್ಲಿ ಈಡೇರಿತು. ಇವತ್ತು ಅದು ಲಾ ಗಾರ್ಡಿಯಾ ವಿಮಾನ ನಿಲ್ದಾಣ.

(ಪರದೆ: ಮಡಿಕೇರಿ ಪೇಟೆ, ಶುಕ್ರವಾರದ ಸಂತೆ)

ನಮ್ಮ ಜಿಲ್ಲೆಯಲ್ಲಿ ಮಹಾನಗರ ಪಾಲಿಕೆ ಇಲ್ಲ, ಹಾಗಾಗಿ ಮೇಯರ್ ಕೂಡ ಇಲ್ಲ. ಮಡಿಕೇರಿ ನಗರಸಭೆಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅಧ್ಯಕ್ಷರನ್ನು ಆರಿಸುವುದು ಸದಸ್ಯರು, ಜನ ನೇರವಾಗಿ ಅಲ್ಲ. ಅವಧಿ 30 ತಿಂಗಳು. ದಿನನಿತ್ಯದ ಆಡಳಿತ ಪೌರಾಯುಕ್ತರ ಕೈಯಲ್ಲಿ. ಲಾ ಗಾರ್ಡಿಯಾ ಅವರಿಗೆ ನೇರ ಆಯ್ಕೆಯ ಬಲವಿತ್ತು, ನಾಲ್ಕು ವರ್ಷದ ಮೂರು ಅವಧಿ ಸಿಕ್ಕಿತು. "ಅಂಥ ಒಬ್ಬರು ನಮ್ಮಲ್ಲೂ ಬರಲಿ" ಅನ್ನುವವರು ಕುರ್ಚಿಯ ಅಧಿಕಾರವನ್ನೂ ಜೊತೆಗೆ ಓದಿಕೊಳ್ಳಬೇಕು ಅಂತ ನಮ್ಮ ಅಭಿಪ್ರಾಯ.

ಅವರ ತಪ್ಪುಗಳನ್ನೂ ಹೇಳಲೇಬೇಕು. 1940ರಲ್ಲಿ, ಮದುವೆ ಮತ್ತು ಧರ್ಮದ ಬಗ್ಗೆ ಬರೆದು ವಿರೋಧ ಕಟ್ಟಿಕೊಂಡಿದ್ದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ಸಿಟಿ ಕಾಲೇಜಿನ ನೇಮಕವನ್ನು ನ್ಯಾಯಾಧೀಶರೊಬ್ಬರು ರದ್ದು ಮಾಡಿದರು. ಮೇಲ್ಮನವಿಗೆ ನೆರವಾಗುವ ಬದಲು ಮೇಯರ್ ಆ ಹುದ್ದೆಯ ಹಣವನ್ನೇ ಬಜೆಟ್‌ನಿಂದ ತೆಗೆದುಹಾಕಿದರು. ಮತದಾರರ ಸಿಟ್ಟು ತಪ್ಪಿಸಿಕೊಳ್ಳಲು ಕಾನೂನಿನ ಜಾಣ್ಮೆ ಬಳಸಿದ ಗಳಿಗೆ ಅದು. 1943ರಲ್ಲಿ ಸ್ಟೈವೆಸೆಂಟ್ ಟೌನ್ ವಸತಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಇನ್ನೂ ಗಂಭೀರ: ನಗರದಿಂದ ತೆರಿಗೆ ರಿಯಾಯಿತಿ ಪಡೆದ ಆ ಬಡಾವಣೆಯಲ್ಲಿ ಕಪ್ಪು ಜನರಿಗೆ ಮನೆ ಕೊಡಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, ಕಪ್ಪು ಜನರು ಹೆಚ್ಚಾಗಿ ವಾಸಿಸುತ್ತಿದ್ದ ಹಾರ್ಲೆಮ್ ಬಡಾವಣೆಯಲ್ಲಿ ಗಲಭೆ ಎದ್ದಿತು.

1945ರ ಕೊನೆಗೆ ಹುದ್ದೆ ಬಿಟ್ಟರು. ಮರುವರ್ಷ ಯುದ್ಧಪೀಡಿತ ದೇಶಗಳಿಗೆ ಆಹಾರ ಕಳಿಸುತ್ತಿದ್ದ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆ ಉನ್ರಾದ ಮುಖ್ಯಸ್ಥರಾದರು. 1947ರ ಸೆಪ್ಟೆಂಬರ್ 20ರಂದು ತೀರಿಕೊಂಡರು.

ಮುಂದಿನ ವಿಡಿಯೋದಲ್ಲಿ 1964ರ ಕಾಯ್ದೆಯನ್ನೇ ತೆರೆದು, ನಗರಸಭೆಯ ಬಜೆಟ್ ಪಾಸಾಗುವ ಹಂತಗಳನ್ನು ನೋಡೋಣ. ನಿಮ್ಮ ಪ್ರಶ್ನೆಗಳನ್ನು ಈಗಲೇ ಬರೆದು ಕಳಿಸಿ.