ಓಲೆಕೊಡೆಯ ಕೆಳಗೆ ನಿಂತ ರಾಣಿ

ಮಕ್ಕಳೇ, ನಮಸ್ಕಾರ. ಮಂಗಳೂರಿನಿಂದ ಉಳ್ಳಾಲಕ್ಕೆ ಹೋಗುವಾಗ ನೇತ್ರಾವತಿ ಸೇತುವೆ ಸಿಗುತ್ತದೆ, ಅಲ್ವಾ? ಬಸ್ಸಿನ ಕಿಟಕಿಯಿಂದ ನೀರು ನೋಡುತ್ತಿದ್ದ ಹಾಗೆಯೇ ಆಚೆ ದಡ ಬಂದುಬಿಡುತ್ತದೆ. ನಾನೂರು ವರ್ಷಗಳ ಹಿಂದೆ ಈ ದಡದಲ್ಲಿ ಬಂಗರಸನ, ಅಂದರೆ ಬಂಗ ಮನೆತನದ ಅರಸನ, ಆಳ್ವಿಕೆ. ಆ ದಡದಲ್ಲಿ ಚೌಟ ಮನೆತನದ ರಾಣಿ ಅಬ್ಬಕ್ಕ. ಇಬ್ಬರೂ ಗಂಡ ಹೆಂಡತಿ. ಆದರೆ ಅವರವರ ಸೀಮೆ ಅವರವರದು.

ಅದು ಹೇಗೆ? ತುಳುನಾಡಿನಲ್ಲಿ ಅಳಿಯಕಟ್ಟು ಇತ್ತು. ಮನೆತನ ಸಾಗುವುದು ತಾಯಿಯ ಕಡೆಯಿಂದ. ಹಾಗಾಗಿ ಹೆಣ್ಣುಮಗಳೂ ಪಟ್ಟಕ್ಕೆ ಬರುತ್ತಿದ್ದಳು. ಮದುವೆಯಾದ ಮಾತ್ರಕ್ಕೆ ಗದ್ದುಗೆ ಗಂಡನ ಪಾಲಾಗುತ್ತಿರಲಿಲ್ಲ. ಅಂದ ಹಾಗೆ, ಅಬ್ಬಕ್ಕ ಎಂಬ ಹೆಸರಿನ ರಾಣಿ ಒಬ್ಬಳೇ ಅಲ್ಲ. ಊರಿನ ಕತೆಗಳಲ್ಲಿ ಅವರೆಲ್ಲ ಸೇರಿ ಒಬ್ಬಳೇ ಆಗಿಬಿಟ್ಟಿದ್ದಾರೆ.

ಆಗ ಕಡಲಿನಲ್ಲಿ ಪೋರ್ಚುಗೀಸರದ್ದೇ ಜೋರು. ಕರಿಮೆಣಸೋ ಅಕ್ಕಿಯೋ ತುಂಬಿಕೊಂಡು ಹಡಗು ಹೊರಡಬೇಕಾದರೆ ಅವರ ಕೈಯಿಂದ 'ಕಾರ್ತಾಜ್' ಎಂಬ ಪಾಸು ಪಡೆಯಬೇಕಿತ್ತು. ಪಾಸಿಲ್ಲದೆ ಸಿಕ್ಕಿಬಿದ್ದರೆ ಸರಕು ಹೋಯಿತು. ನಮ್ಮ ಕಡಲಿಗೆ ಅವರ ಟಿಕೇಟು! 1568ರಲ್ಲಿ ಮಂಗಳೂರನ್ನು ಹಿಡಿದು ಕೋಟೆಯನ್ನೂ ಕಟ್ಟಿದರು. ಅಬ್ಬಕ್ಕ ಮಸೀದಿಯಲ್ಲಿ ಅಡಗಿದ್ದು, ರಾತ್ರಿ ಅವರ ಮೇಲೆ ಮುಗಿಬಿದ್ದ ಕತೆ ನೀವು ಕೇಳಿರಬಹುದು.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು 1623ರ ಒಂದು ಸಂಗತಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆಗಿನ ಅಬ್ಬಕ್ಕನನ್ನು ಕಾಣಲು ಬಂದ. ಅಷ್ಟರಲ್ಲಿ ಗಂಡ ಹೆಂಡತಿ ದೂರವಾಗಿದ್ದರು. ಬಂಗರಸ ಕೊಟ್ಟ ಒಡವೆಗಳನ್ನು ಅವಳು ವಾಪಸು ಕಳಿಸಿದ್ದಳು. ಅವನ ಬೆನ್ನಿಗೆ ಪೋರ್ಚುಗೀಸರು, ಇವಳ ಬೆನ್ನಿಗೆ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕ.

ದೆಲ್ಲಾ ವಾಲ್ಲೆ ಕಂಡದ್ದು ಸಿಂಹಾಸನವಲ್ಲ, ಕಾಲುವೆ ಅಗೆಯುವ ಜಾಗ. ರಾಣಿ ಅಲ್ಲಿ ಕೆಲಸ ನೋಡುತ್ತಾ ಬರಿಗಾಲಿನಲ್ಲಿ ನಿಂತಿದ್ದಳು. ಸೊಂಟಕ್ಕೆ ದಪ್ಪ ಹತ್ತಿಯ ಬಟ್ಟೆ. ಬಿಸಿಲಿಗೆ ತಾಳೆಯೋಲೆಯ ಕೊಡೆ. ರಾಣಿ ಅಂತ ಹೇಗೆ ನಂಬುವುದು, ಅಡುಗೆಮನೆಯ ಆಳಿನ ಹಾಗೆ ಇದ್ದಾಳಲ್ಲ ಎಂದುಕೊಂಡ ಪುಣ್ಯಾತ್ಮ! ಆದರೆ ಅವಳು ಮಾತಿಗೆ ತೊಡಗಿದಾಗ ಅವನ ಧಾಟಿಯೇ ಬದಲಾಯಿತು. ಇಂಪಾದ ದನಿ, ತಿಳಿವಳಿಕೆಯ ಮಾತು ಎಂದು ಬರೆದ.

ಅವಳ ಹೆಸರನ್ನೂ ಬರೆದುಕೊಂಡಿದ್ದಾನೆ: 'ಅಬಗ್ ದೇವಿ ಚೌತ್ರು'. ನಮ್ಮ ಅಬ್ಬಕ್ಕ ದೇವಿ ಚೌಟ ಅವನ ಇಟಲಿಯ ನಾಲಿಗೆಗೆ ಅಷ್ಟೇ ದಕ್ಕಿದ್ದು, ಪಾಪ.