ಮಾರ್ಚ್ 3: ಕಾವಲಿ ಮೇಲೆ ದೋಸೆ, ಮಾತಲ್ಲಿ ಸುಲೋಚನಾ

ಇವತ್ತು ಮಾರ್ಚ್ 3, ವಿಶ್ವ ದೋಸೆ ದಿನ. ಬೆಳಗ್ಗೆಯಿಂದ ಎಲ್ಲರ ಸ್ಟೇಟಸ್‌ನಲ್ಲೂ ದೋಸೆನೇ. 1934ರಲ್ಲಿ ಇದೇ ತಾರೀಖು, ಒಂದು ಶನಿವಾರ, ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಲ್ಲಿ ತೆರೆ ಕಂಡಿತು. ಅದರ ಸ್ಟೇಟಸ್ ಒಂದೂ ಕಾಣಲಿಲ್ಲ. ಹಾಗಾಗಿ ಇವತ್ತು ಕೈ ದೋಸೆ ಹುಯ್ಯುತ್ತೆ, ಬಾಯಿ ಸಿನಿಮಾ ಹೇಳುತ್ತೆ.

ನೆನೆಸೋದು, ರುಬ್ಬೋದು ನೋಡ್ತಿದ್ದೀರಲ್ಲ, ಅಳತೆ ಮಾತ್ರ ಹೇಳ್ತೀನಿ. ದೋಸೆ ಅಕ್ಕಿ ಮೂರು ಲೋಟ, ಉದ್ದಿನಬೇಳೆ ಮುಕ್ಕಾಲು ಲೋಟ, ಕಡ್ಲೆಬೇಳೆ ಎರಡು ಚಮಚ, ಮೆಂತ್ಯ ಒಂದು ಚಿಕ್ಕ ಚಮಚ. ರುಬ್ಬೋಕೆ ಸ್ವಲ್ಪ ಮುಂಚೆ ಒಂದು ಹಿಡಿ ಅವಲಕ್ಕಿ ತೊಳೆದು ಹಾಕಿ. ಹೋಟೆಲ್ ದೋಸೆಯ ಕೆಂಬಣ್ಣಕ್ಕೆ ಕಡ್ಲೆಬೇಳೆ ಮತ್ತು ಮೆಂತ್ಯ ಬೇಕೇ ಬೇಕು. ದಾವಣಗೆರೆ ಬೆಣ್ಣೆ ದೋಸೆ ಆದ್ರೆ ಮಂಡಕ್ಕಿ ನೆನೆಸಿ, ಹಿಂಡಿ, ಸೇರಿಸಿ ರುಬ್ಬಬೇಕು. ಸೋಡಾ ಬೇಡವೇ ಬೇಡ.

ಅಯ್ಯೋ, ಇದನ್ನ ನೋಡಿ. ಮೊದಲ ದೋಸೆ. ಸೌಟು ತಿರುಗಿಸಿದ ಕಡೆಗೆಲ್ಲ ಹಿಟ್ಟು ಸೌಟಿನ ಹಿಂದೆನೇ ಸುತ್ತಿಕೊಂಡು ಬರ್ತಿದೆ. ಈ ಭಾಗ ಎಡಿಟ್‌ನಲ್ಲಿ ತೆಗೀತಿಲ್ಲ, ಯಾಕಂದ್ರೆ ಎಲ್ಲರ ಮನೆಯಲ್ಲೂ ಆಗೋದು ಇದೇ, ಬೈಸಿಕೊಳ್ಳೋದು ಹಿಟ್ಟು. ತಪ್ಪು ಹಿಟ್ಟಿಂದಲ್ಲ. ಕಾವಲಿ ವಿಪರೀತ ಕಾದಿದೆ. ಹಿಟ್ಟು ಬಿದ್ದ ತಕ್ಷಣ ಅಕ್ಕಿಯ ಪಿಷ್ಟ ಬೆಂದು ಗಟ್ಟಿಯಾಯ್ತು, ಹರಡೋಕೆ ಏನೂ ಉಳೀಲಿಲ್ಲ. ನೀರು ಚಿಮುಕಿಸಿ ನೋಡಿ. ಹನಿ ಮಣಿ ಥರ ಉರುಳಾಡಿದ್ರೆ ಕಾವು ಜಾಸ್ತಿ. ಸುಮ್ಮನೆ ಕೂತು ನಿಧಾನಕ್ಕೆ ಆರಿದ್ರೆ ಕಾವು ಸಾಲದು, ಆಗ ದೋಸೆ ಅಂಟಿಕೊಳ್ಳುತ್ತೆ. ಚುಂಯ್ ಅಂತ ಅಲ್ಲೇ ಇಂಗಿ ಹೋದ್ರೆ ಸರಿಯಾಗಿದೆ. ಈಗ ಉರಿ ಸಣ್ಣ ಮಾಡಿ, ನೀರು ಚಿಮುಕಿಸಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ಒಂದು ಸೌಟು ಹಿಟ್ಟು ನಡುವೆ ಹಾಕಿ ಒಳಗಿಂದ ಹೊರಕ್ಕೆ ಸುತ್ತು. ಸೌಟನ್ನ ಒತ್ತಬೇಡಿ, ಅದರ ಭಾರ ಸಾಕು. ಹರಡಿದ ಮೇಲೆ ಉರಿ ದೊಡ್ಡದು. ಎಣ್ಣೆ ಆಮೇಲೆ, ಅಂಚಿಗೆ. ಮೊದಲೇ ಸುರಿದ್ರೂ ಹಿಟ್ಟು ಜಾರಿ ಹೀಗೇ ಸುತ್ತಿಕೊಳ್ಳುತ್ತೆ. ಫ್ರಿಜ್‌ನ ಹಿಟ್ಟು ಆದ್ರೆ ಅರ್ಧ ಗಂಟೆ ಹೊರಗಿಟ್ಟಿರಿ. ತಣ್ಣನೆ ಹಿಟ್ಟು ಗಟ್ಟಿ ಇರುತ್ತೆ ಅಂತ ನೀರು ಬೆರೆಸಿಬಿಡ್ತಾರೆ, ಆಮೇಲೆ ದೋಸೆ ತೂತು ತೂತು, ಗರಿ ಇಲ್ಲ.

ಎರಡನೇದು ಕೂತಿತು. ಕೆಂಪಾಗೋ ತನಕ ಸಿನಿಮಾ.

ನಿರ್ದೇಶನ ವೈ. ವಿ. ರಾವ್, ಅಂದ್ರೆ ನಟಿ ಲಕ್ಷ್ಮಿ ಅವರ ತಂದೆ. ಬಂಡವಾಳ ಚಮನ್‌ಲಾಲ್ ಡುಂಗಾಜಿ ಅವರದು, ಸಂಭಾಷಣೆ ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ಅವರ ಮಗ ಲೋಕೇಶ್, ಮೊಮ್ಮಗ ಸೃಜನ್ ಲೋಕೇಶ್. ರಾವಣ ಆರ್. ನಾಗೇಂದ್ರರಾವ್, ಸುಲೋಚನೆ ತ್ರಿಪುರಾಂಬ. ಚಿತ್ರೀಕರಣ ಕೊಲ್ಲಾಪುರದಲ್ಲಿ. ಹಿನ್ನೆಲೆ ಗಾಯನ ನಮ್ಮ ದೇಶಕ್ಕೆ ಬಂದಿದ್ದೇ 1935ರಲ್ಲಿ. ಅಂದ್ರೆ ಇವರೆಲ್ಲ ಅಭಿನಯಿಸ್ತಾನೇ ಹಾಡಬೇಕು, ಮೈಕು ಕ್ಯಾಮೆರಾ ಕಣ್ಣಿಗೆ ಬೀಳಬಾರದು, ಒಂದು ಸ್ವರ ತಪ್ಪಿದ್ರೆ ಇಡೀ ಶಾಟ್ ಮತ್ತೆ. ನಾಟಕದಿಂದ ಬಂದ ಗಟ್ಟಿ ಗಂಟಲುಗಳಿಗೇ ಅದು ಸಾಧ್ಯ ಇದ್ದಿದ್ದು.

ತಡೀರಿ, ಮಗುಚಬಾರದು. ಮಸಾಲೆ ದೋಸೆ ಒಂದೇ ಕಡೆ ಬೇಯಬೇಕು. ಕೆಂಪು ಚಟ್ನಿ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆಯದು. ಮೇಲ್ಮೈ ಒಣಗಿದ ಮೇಲೇ ಸವರಿ, ಹಸಿ ಇದ್ದಾಗ ಸವರಿದ್ರೆ ಕಿತ್ತು ಬರುತ್ತೆ. ಬೆಣ್ಣೆ, ಪಲ್ಯ, ಮಡಚು. ಆಯ್ತು.

ಅವತ್ತು ಸಿನಿಮಾ ನೋಡಿದವರು ವಿದ್ಯಾರ್ಥಿ ಭವನಕ್ಕೆ ಹೋಗಿ ದೋಸೆ ತಿನ್ನೋ ಹಾಗಿರಲಿಲ್ಲ, ಅದು ಶುರುವಾಗಿದ್ದು 1943ರಲ್ಲಿ. ಎಂಟಿಆರ್ ಇತ್ತು, ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಅನ್ನೋ ಹೆಸರಲ್ಲಿ. ಹಾಂ, ಸೋಡಾ ವಿಷಯ. ಚಳಿಗಾಲದಲ್ಲಿ ಹಿಟ್ಟು ಏಳದೇ ಇದ್ರೆ ಒಂದು ಚಿಟಿಕೆ ಹಾಕಿ, ಪರವಾಗಿಲ್ಲ. ಮಾರ್ಚ್ ಸೆಕೆಯಲ್ಲಿ ಎಂಟು ಗಂಟೆಯಲ್ಲಿ ತಾನೇ ಉಬ್ಬುತ್ತೆ, ಈಗ ಬೇಡ.

ಬೇಜಾರಿನ ಸಂಗತಿ, ‘ಸತಿ ಸುಲೋಚನಾ’ದ ಪ್ರಿಂಟ್ ಉಳಿದಿಲ್ಲ. ಆ ಕಾಲದ ಸಿನಿಮಾ ರೀಲುಗಳು ನೈಟ್ರೇಟ್‌ನವು, ಬೇಗ ಬೆಂಕಿ ಹತ್ತುತ್ತೆ, ಸುಮ್ಮನೆ ಇಟ್ರೂ ಕೊಳೆತು ಅಂಟಂಟಾಗುತ್ತೆ. ನಮ್ಮ ಭಾಷೆ ತೆರೆ ಮೇಲೆ ಮೊದಲ ಸಲ ಮಾತಾಡಿದ್ದು ಹೇಗೆ ಕೇಳಿಸಿತು ಅಂತ ಇನ್ನು ಯಾರೂ ತಿಳಿಯೋಕೆ ಆಗಲ್ಲ. ನನಗೆ ಇದು ನಿಜಕ್ಕೂ ನೋವು. ನಿಮ್ಮ ಅಟ್ಟದ ಮೇಲೆ ಹಳೇ ಸಿನಿಮಾ ಹಾಡಿನ ಪುಸ್ತಕ, ಕರಪತ್ರ ಇದ್ರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ವಾಪಸ್ ಬಿಡಿಸೋಕೆ ಆಗಲ್ಲ. ಮಡಿಕೆ ಬಿಡಿಸಿ, ಸೆಲೋಟೇಪ್ ಹಚ್ಚದೆ, ಬಿಸಿಲು ಬೀಳದ ಕಡೆ ಚಪ್ಪಟೆಯಾಗಿ ಇಡಿ. ಅದಕ್ಕೂ ಮುಂಚೆ ಪುಟ ಪುಟಕ್ಕೂ ಫೋಟೋ ತೆಗೆದುಕೊಳ್ಳಿ.

ಬ್ಯಾಟರಿ ಮುಗೀತಾ ಬಂತು. ಕಾವಲಿಗೆ ಸೋಪು ಹಾಕಬೇಡಿ. ಬೆಚ್ಚಗಿರುವಾಗಲೇ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಎತ್ತಿಡಿ. ನಾಳೆ ಮೊದಲ ದೋಸೆನೇ ಏಳುತ್ತೆ.