ಹೆಲ್ತ್ ಕ್ಯಾಂಪ್ ಮುಗಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಆಫೀಸಿನಲ್ಲೋ ಫ್ಯಾಕ್ಟರಿಯಲ್ಲೋ ವರ್ಷಕ್ಕೊಮ್ಮೆ ಹೆಲ್ತ್ ಕ್ಯಾಂಪ್ ಆಗುತ್ತದೆ ಅಲ್ವಾ? ಸಾಲಿನಲ್ಲಿ ನಿಲ್ಲುತ್ತೀರಿ. ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ, ಕೊನೆಗೆ ಎಣ್ಣೆ ಕಮ್ಮಿ ಮಾಡಿ, ದಿನಾ ವಾಕ್ ಮಾಡಿ ಅಂತ ಹೇಳಿ ಕಳಿಸುತ್ತಾರೆ. ಅದೇ ಸಂಜೆ ಕ್ಯಾಂಟೀನಿಗೆ ಹೋದರೆ ಮೊದಲೇ ಸಕ್ಕರೆ ಬೆರೆಸಿಟ್ಟ ಟೀ, ಪಕ್ಕದಲ್ಲಿ ಬಿಸಿ ಬಿಸಿ ಬಜ್ಜಿ. ಸಕ್ಕರೆ ಹಾಕದ ಟೀ ಕೇಳಿದರೆ ಇಲ್ಲ. ಶುಗರ್ ಇರುವವರು ಏನು ಮಾಡಬೇಕು ಹೇಳಿ?

ಬರೀ ಬುದ್ಧಿಮಾತಿನಿಂದ ಎಷ್ಟು ಉಪಯೋಗ ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬಿಜೆಸ್ ಹೋಲ್‌ಸೇಲ್ ಕ್ಲಬ್ ಅನ್ನುವ ದೊಡ್ಡ ಅಂಗಡಿ ಸಂಸ್ಥೆ, ಅದರ 160 ಮಳಿಗೆ, ಸುಮಾರು 33 ಸಾವಿರ ನೌಕರರು. ಚೀಟಿ ಎತ್ತಿದ ಹಾಗೆ ಕೆಲವು ಮಳಿಗೆಗಳನ್ನು ಆರಿಸಿ, ಅಲ್ಲಿ ಮಾತ್ರ ಊಟ, ವ್ಯಾಯಾಮ, ಒತ್ತಡದ ಬಗ್ಗೆ ಪಾಠ ಶುರು ಮಾಡಿದರು. ಒಂದೂವರೆ ವರ್ಷದ ಫಲಿತಾಂಶ 2019ರಲ್ಲಿ ಬಂತು. ನಾವು ವ್ಯಾಯಾಮ ಮಾಡುತ್ತೇವೆ, ತೂಕದ ಕಡೆ ಗಮನ ಕೊಡುತ್ತೇವೆ ಅಂದವರು ಆ ಮಳಿಗೆಗಳಲ್ಲಿ ಜಾಸ್ತಿಯೇ ಇದ್ದರು. ಆದರೆ ಬಿಪಿ, ಕೊಲೆಸ್ಟ್ರಾಲ್, ಆಸ್ಪತ್ರೆ ಖರ್ಚು, ರಜೆ, ಇದ್ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಅಧ್ಯಯನದಲ್ಲಂತೂ ಇಂಥ ಕಾರ್ಯಕ್ರಮಕ್ಕೆ ಮುಂದೆ ಬಂದವರು ಮೊದಲಿನಿಂದಲೂ ಗಟ್ಟಿಮುಟ್ಟಾಗಿದ್ದವರೇ ಜಾಸ್ತಿ.

ಹಾಗಂತ ಕ್ಯಾಂಪ್ ಬೇಡ ಅನ್ನುತ್ತಿಲ್ಲ. ಬಿಪಿ ಇರುವುದೇ ಗೊತ್ತಿಲ್ಲದವರಿಗೆ ಅಲ್ಲೇ ಗೊತ್ತಾಗುತ್ತದೆ, ಅದು ದೊಡ್ಡ ಉಪಕಾರ. ನನ್ನ ತಕರಾರು ಇಷ್ಟೇ. ಅಭ್ಯಾಸ ಬದಲಾಯಿಸಿಕೋ ಅಂತ ನೌಕರರಿಗೆ ಹೇಳುವವರು ಕೆಲಸದ ದಿನವನ್ನು ಮಾತ್ರ ಹಾಗೇ ಬಿಡುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೇ ತೆಗೆದುಕೊಳ್ಳಿ. ಎದ್ದು ಟಾಯ್ಲೆಟ್ಟಿಗೆ ಹೋದರೆ ಪೀಸ್ ಕಮ್ಮಿಯಾಗುತ್ತದೆ, ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ ಅಂತ ಎಷ್ಟೋ ಜನ ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ. ಅವರಿಗೆ ಚೆನ್ನಾಗಿ ನೀರು ಕುಡಿಯಿರಿ ಅಂತ ಪೋಸ್ಟರ್ ಅಂಟಿಸಿದರೆ ಏನು ಬಂತು? ಲೈನಿನಲ್ಲಿ ಬದಲಿಗೆ ಕೂರುವವರೊಬ್ಬರನ್ನು ಇಡಿ, ನೀರು ತಾನಾಗೇ ಕುಡಿಯುತ್ತಾರೆ.

ಕ್ಯಾಂಟೀನಿನ ವಿಷಯವೂ ಹಾಗೇ. 1948ರ ಕಾರ್ಖಾನೆ ಕಾಯ್ದೆಯೇ 250ಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರಬೇಕು ಅಂದಿತ್ತು, ಅದನ್ನು ನಡೆಸುವುದರಲ್ಲಿ ಕೆಲಸಗಾರರಿಗೂ ಜಾಗ ಕೊಟ್ಟಿತ್ತು. ನಿಮ್ಮಲ್ಲಿ ಕ್ಯಾಂಟೀನ್ ಕಮಿಟಿ ಇದ್ದರೆ ಮುಂದಿನ ಮೀಟಿಂಗಿನಲ್ಲಿ ಸುಮ್ನೆ ಕೂರಬೇಡಿ. ಸಕ್ಕರೆ ಬೇರೆ ಇಡಿಸಿ. ಬಜ್ಜಿಯ ಜೊತೆಗೆ ಕಡಲೆಕಾಳು ಉಸಲಿಯನ್ನೂ ಮಾಡಿಸಿ, ರೇಟು ಬಜ್ಜಿಗಿಂತ ಒಂದು ರೂಪಾಯಿಯಾದರೂ ಕಮ್ಮಿ ಇರಲಿ.